ಹಳೆಯ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡನ್ನೇ ಸ್ಯಾಂಪ್ಲರ್ ಮಾಡಿಕೊಳ್ಳುವುದು: ನನ್ನ ಅನುಭವ

ಹಳೆಯ ಡಿಎಸ್‌ಪಿ (ಧ್ವನಿ ಸಂಸ್ಕರಿಸುವ ಚಿಪ್) ಸೌಂಡ್ ಕಾರ್ಡ್ ಕೈಯಲ್ಲಿದ್ದರೆ ಸ್ಯಾಂಪ್ಲರ್, ಅಂದರೆ ಮುದ್ರಿಸಿಟ್ಟ ದನಿಯ ತುಣುಕುಗಳನ್ನು (ಸ್ಯಾಂಪಲ್) ಕೀಲಿ ಒತ್ತಿದಂತೆ ಬೇರೆ ಬೇರೆ ಸ್ವರದಲ್ಲಿ ನುಡಿಸುವ ಸಾಧನ, ಹುಡುಕಿಕೊಂಡು ಹೋಗುವ ಮೊದಲು ಕಾರ್ಡಿನ ಚಿಪ್ ಯಾವುದೆಂದು ನೋಡಿ. ಎಷ್ಟೋ ಸಲ ಸ್ಯಾಂಪ್ಲರ್ ಒಳಗೇ ಇರುತ್ತದೆ, ಯಾರೂ ಬಳಸಿರುವುದಿಲ್ಲ ಅಷ್ಟೆ. 1998ರಲ್ಲಿ ಬಂದ ಕ್ರಿಯೇಟಿವ್ ಸೌಂಡ್ ಬ್ಲಾಸ್ಟರ್ ಲೈವ್ ಇದಕ್ಕೆ ಒಳ್ಳೆಯ ಉದಾಹರಣೆ. ಜನ ಅದನ್ನು ಕೊಂಡದ್ದು ಆಟಕ್ಕೆ. ಆದರೆ ಅದರ ಇಎಂಯು10ಕೆ1 ಚಿಪ್ಪಿನಲ್ಲಿ 64 ವಾಯ್ಸ್‌ಗಳ (ಒಂದೇ ಸಲಕ್ಕೆ ನುಡಿಯಬಲ್ಲ ದನಿಗಳ) ಪೂರ್ತಿ ಹಾರ್ಡ್‌ವೇರ್ ಸ್ಯಾಂಪ್ಲರ್ ಇದೆ. ಪ್ರತಿ ವಾಯ್ಸ್‌ಗೂ ತನ್ನದೇ ಲೋಪಾಸ್ ಫಿಲ್ಟರ್ (ಚೂಪು ದನಿ ತಗ್ಗಿಸುವುದು), ಎರಡು ಎನ್ವಲಪ್ (ದನಿ ಏರಿ ಇಳಿಯುವ ಬಗೆ), ಎರಡು ಎಲ್‌ಎಫ್‌ಒ (ದನಿಯನ್ನು ನಿಧಾನವಾಗಿ ತೂಗುವುದು). ಅದು ನುಡಿಸುವ ಕಡತ ಸೌಂಡ್‌ಫಾಂಟ್, ಅಂದರೆ ಎಸ್‌ಎಫ್2: ಸ್ಯಾಂಪಲ್‌ಗಳನ್ನೂ ಅವನ್ನು ನುಡಿಸುವ ವಿವರವನ್ನೂ ಒಟ್ಟಿಗೆ ಕಟ್ಟಿಟ್ಟದ್ದು, ಇದನ್ನೇ ಬ್ಯಾಂಕ್ ಅನ್ನುವುದು. ಇದಕ್ಕೂ ಹಿಂದಿನ ಎಡಬ್ಲ್ಯುಇ32 ಕಾರ್ಡಿಗೆ ಸ್ಯಾಂಪಲ್ ತುಂಬಲು ಸಿಮ್ ಮೆಮೊರಿ ಪಟ್ಟಿಗಳನ್ನು ಕಾರ್ಡಿನ ಮೇಲೇ ಕೂರಿಸಬೇಕಿತ್ತು. ಲೈವ್ ಪಿಸಿಐ ಮೂಲಕ ಕಂಪ್ಯೂಟರಿನ ಮುಖ್ಯ ಮೆಮೊರಿಯನ್ನೇ ಓದುತ್ತದೆ. ಹಾಗಾಗಿ ಕಾರ್ಡ್ ಸಿಕ್ಕರೆ ಬೇರೆ ಖರ್ಚೇ ಇಲ್ಲ.

ಸಿಗುವುದೇನೂ ಕಷ್ಟವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಇಂಥ ಕಾರ್ಡುಗಳು ರಾಶಿಯಲ್ಲಿ ಬಿದ್ದಿರುತ್ತವೆ. ಕಷ್ಟ ಇರುವುದು ಹೆಸರಿನಲ್ಲಿ. 'ಲೈವ್' ಎಂದು ಬರೆದದ್ದೆಲ್ಲ ಇಎಂಯು10ಕೆ1 ಅಲ್ಲ. ಸಿಟಿ4620, ಸಿಟಿ4760, ಸಿಟಿ4780, ಸಿಟಿ4830, ಎಸ್‌ಬಿ0060, ಎಸ್‌ಬಿ0100, ಎಸ್‌ಬಿ0220 ಇವು ಸರಿಯಾದವು. ಬ್ರಾಂಡೆಡ್ ಪಿಸಿಗಳ ಜೊತೆ ಬರುತ್ತಿದ್ದ ಎಸ್‌ಬಿ0200 ಹೊರಗಿನಿಂದ ನೋಡಲು ಹಾಗೆಯೇ ಇದ್ದರೂ ಅದರಲ್ಲಿರುವುದು ಇಎಂಯು10ಕೆ1ಎಕ್ಸ್ ಎಂಬ ಕಡಿತಗೊಳಿಸಿದ ಚಿಪ್. ಅದರಲ್ಲಿ ಸ್ಯಾಂಪ್ಲರ್ ಇಲ್ಲ. 'ಲೈವ್ 24-ಬಿಟ್' ಅಂದರೆ ಎಸ್‌ಬಿ0410, 'ಆಡಿಜಿ ಎಸ್‌ಇ' ಅಂದರೆ ಎಸ್‌ಬಿ0570. ಇವೆರಡೂ ಸಿಎ0106 ಚಿಪ್ಪಿನವು, ಬರೀ ಧ್ವನಿ ಒಳಗೆ-ಹೊರಗೆ ಮಾಡುವ ಕಾರ್ಡುಗಳು. ಅಂಗಡಿಯವರು '24-ಬಿಟ್, ಹೊಸದು, ಇನ್ನೂ ಒಳ್ಳೇದು' ಅಂತ ಹೇಳುವುದು ಸಹಜ. ನಮ್ಮ ಕೆಲಸಕ್ಕೆ ಹಳೆಯದೇ ಬೇಕು.

ಮೇಲಿನ ಚೀಟಿ ಹರಿದುಹೋಗಿದ್ದರೆ ಕಾರ್ಡನ್ನು ಲಿನಕ್ಸ್ ಯಂತ್ರಕ್ಕೆ ಹಾಕಿ 'ಎಲ್‌ಎಸ್‌ಪಿಸಿಐ' ಆದೇಶದಲ್ಲಿ ಪಿಸಿಐ ಗುರುತು ನೋಡುತ್ತೇನೆ. 1102:0002 ಬಂದರೆ ಲೈವ್, ಕೆಲಸ ಆಯಿತು. 1102:0004 ಆಡಿಜಿ ಮತ್ತು ಆಡಿಜಿ 2, 1102:0008 ಆಡಿಜಿ 2 ವ್ಯಾಲ್ಯೂ ಮತ್ತು ಆ ನಂತರದವು. ಇವುಗಳಲ್ಲೂ ಸ್ಯಾಂಪ್ಲರ್ ಇದೆ. 1102:0006 ಅಥವಾ 1102:0007 ಕಂಡರೆ ವಾಪಸ್ ಕೊಟ್ಟುಬಿಡಿ.

ಹೊಸ ಮದರ್‌ಬೋರ್ಡುಗಳಲ್ಲಿ ಪಿಸಿಐ ಸ್ಲಾಟ್ ಇಲ್ಲ. ಪಿಸಿಐ ಎಕ್ಸ್‌ಪ್ರೆಸ್‌ನಿಂದ ಪಿಸಿಐಗೆ ಬದಲಿಸುವ ಬ್ರಿಡ್ಜ್ ಹಲಗೆಗಳು ಸಿಗುತ್ತವೆ, ಆದರೆ ಅವುಗಳಲ್ಲಿ ಕೆಲವು ಬ್ರಿಡ್ಜ್ ಚಿಪ್ಪುಗಳು ಇಂಟರಪ್ಟ್ (ಕಾರ್ಡ್ ಪ್ರೊಸೆಸರನ್ನು ಕರೆಯುವ ಸಂಕೇತ) ಸರಿಯಾಗಿ ಬಿಡುವುದಿಲ್ಲ. ಕೆಲ ಹೊತ್ತು ನೆಟ್ಟಗೆ ನುಡಿದು, ಆಮೇಲೆ ಕರ್ನಲ್ ಆ ಇಂಟರಪ್ಟನ್ನೇ ಮುಚ್ಚಿಬಿಡುತ್ತದೆ, ಧ್ವನಿ ತೊದಲುತ್ತದೆ. ಬ್ರಿಡ್ಜ್‌ಗೆ ಕೊಡುವ ದುಡ್ಡಿಗಿಂತ ನಿಜವಾದ ಪಿಸಿಐ ಸ್ಲಾಟ್ ಇರುವ ಹಳೇ ಡೆಸ್ಕ್‌ಟಾಪ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳುವುದು ಮೇಲು. ಸ್ಯಾಂಪ್ಲರ್ ಕೆಲಸ ಪೂರ್ತಿ ಕಾರ್ಡಿನದು, ಪ್ರೊಸೆಸರ್ ಎಷ್ಟೇ ನಿಧಾನವಿದ್ದರೂ ನಡೆಯುತ್ತದೆ.

ಇನ್ನು ಮೆಮೊರಿ. ಎಲ್ಲ ಲೆಕ್ಕ ನಿಂತಿರುವುದು ಇದರ ಮೇಲೆ. ಚಿಪ್ಪಿನೊಳಗೆ ಸ್ಯಾಂಪಲ್ ವಿಳಾಸ 24 ಬಿಟ್ಟಿನದು, ಪ್ರತಿ ಸ್ಯಾಂಪಲ್ ಬಿಂದು 2 ಬೈಟ್. ಹಾಗಾಗಿ ಗರಿಷ್ಠ 3,35,54,432 ಬೈಟ್, ಅಂದರೆ 32 ಎಂಬಿ. ಯಂತ್ರದಲ್ಲಿ 4 ಜಿಬಿ ಇದ್ದರೂ ಕಾರ್ಡ್ ಅದನ್ನು ದಾಟಲಾರದು. ಲಿನಕ್ಸಿನಲ್ಲಿ ಪ್ರೊಕ್ ಕಡತವ್ಯವಸ್ಥೆಯ ಎಸೌಂಡ್ ಫೋಲ್ಡರಿನೊಳಗೆ ಕಾರ್ಡ್‌ಗೆ ಸಂಬಂಧಿಸಿದ 'ವೇವ್‌ಟೇಬಲ್‌ಡಿ1' ಎಂಬ ಕಡತ ತೆರೆದರೆ ಮೆಮೊರಿ 13,42,17,728 ಎಂದು ತೋರಿಸುವುದುಂಟು. ಅದು ಚಾಲಕ (ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ) ಇಟ್ಟುಕೊಂಡ ಮಿತಿ, 128 ಎಂಬಿ. ಚಿಪ್ಪಿನ ಮಿತಿ ಅಲ್ಲ. ಅದನ್ನು ನಂಬಿ ಬ್ಯಾಂಕ್ ಕಟ್ಟಬೇಡಿ.

48 ಕಿಲೋಹರ್ಟ್ಸ್, 16 ಬಿಟ್, ಮೋನೊದಲ್ಲಿ ಒಂದು ಸೆಕೆಂಡಿಗೆ 96,000 ಬೈಟ್ ಬೇಕು. 32 ಎಂಬಿಯಲ್ಲಿ 349 ಸೆಕೆಂಡ್, ಹತ್ತಿರ ಹತ್ತಿರ 5 ನಿಮಿಷ 49 ಸೆಕೆಂಡ್. ಸ್ಟೀರಿಯೊ ಮಾಡಿದರೆ ಇದು ಅರ್ಧವಾಗುವುದಲ್ಲದೆ ಪ್ರತಿ ಸ್ವರಕ್ಕೆ ಎರಡು ವಾಯ್ಸ್ ಖರ್ಚಾಗಿ 64 ಇದ್ದದ್ದು 32 ಆಗುತ್ತದೆ. ನಾನು ಎಲ್ಲವನ್ನೂ ಮೋನೊ ಮಾಡಿ, ಎಡ-ಬಲ ಹಂಚಿಕೆಯನ್ನು ಪ್ಯಾನ್‌ನಲ್ಲಿ ಕೊಡುತ್ತೇನೆ. 44.1 ಬದಲು 48ರಲ್ಲೇ ಧ್ವನಿಮುದ್ರಿಸುವುದಕ್ಕೆ ಕಾರಣ ಇದೆ: ಕಾರ್ಡ್ ಒಳಗೆ ಯಾವಾಗಲೂ 48ರಲ್ಲೇ ಓಡುತ್ತದೆ. ಮೂಲ ಸ್ವರದಲ್ಲಿ ನುಡಿಸುವಾಗ ವೇಗ ಬದಲಿಸುವ ಪ್ರಮೇಯವೇ ಬರದು.

ಸಿದ್ಧ ಬ್ಯಾಂಕುಗಳಲ್ಲಿ ಫ್ಲೂಯಿಡ್‌ಆರ್3 ಸುಮಾರು 140 ಎಂಬಿ, ಇಲ್ಲಿ ಹಿಡಿಯುವುದೇ ಇಲ್ಲ. ಟಿಮ್‌ಜಿಎಂ6ಎಂಬಿ ಹೆಸರೇ ಹೇಳುವಂತೆ 6 ಎಂಬಿಯಷ್ಟು, ಪಿಯಾನೊ, ಬೇಸ್, ತಂತಿವಾದ್ಯಗಳ ಸಾಮಾನ್ಯ ಕೆಲಸಕ್ಕೆ ಸಾಕು. ಉಳಿದ 26 ಎಂಬಿ ನಿಮ್ಮದು. ಜಾಲದಿಂದ ಇಳಿಸುವಾಗ ಎಸ್‌ಎಫ್3 ಕಡತ ತೆಗೆದುಕೊಳ್ಳಬೇಡಿ. ಅದರಲ್ಲಿ ಸ್ಯಾಂಪಲ್‌ಗಳು ಆಗ್ ರೂಪದಲ್ಲಿ ಕುಗ್ಗಿರುತ್ತವೆ, ಕಾರ್ಡಿಗೆ ತುಂಬುವ ತಂತ್ರಾಂಶ ಅದನ್ನು ಓದದು. ಪಾಲಿಫೋನ್ ಎಂಬ ಸೌಂಡ್‌ಫಾಂಟ್ ಸಂಪಾದಕ ತಂತ್ರಾಂಶದಲ್ಲಿ ತೆರೆದು ಎಸ್‌ಎಫ್2 ಆಗಿ ಉಳಿಸಿಕೊಳ್ಳಬೇಕು. ಪಾಲಿಫೋನ್ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಕ್ರಿಯೇಟಿವ್‌ನದೇ ಸಂಪಾದಕ ವಿಯೆನ್ನಾ ಬಳಸಬೇಕೆಂಬ ಹಟ ಇಂದು ಬೇಕಿಲ್ಲ.

ಲಿನಕ್ಸಿನಲ್ಲಿ ಜೋಡಣೆ ಹೀಗೆ. ಚಾಲಕ ಎಸ್‌ಎನ್‌ಡಿ-ಇಎಂಯು10ಕೆ1 ತಾನೇ ಬರುತ್ತದೆ. ಸ್ಯಾಂಪ್ಲರ್ ಭಾಗಕ್ಕೆ ಎಸ್‌ಎನ್‌ಡಿ-ಇಎಂಯು10ಕೆ1-ಸಿಂಥ್ ಎಂಬ ಬೇರೆ ಮಾಡ್ಯೂಲ್ ಇದೆ, ಬಾರದಿದ್ದರೆ ಮಾಡ್‌ಪ್ರೋಬ್‌ನಿಂದ ಎಬ್ಬಿಸಬೇಕು. ಆಮೇಲೆ ಎಡಬ್ಲ್ಯುಇಎಸ್‌ಎಫ್‌ಎಕ್ಸ್ ಪ್ಯಾಕೇಜ್ ಹಾಕಿ, ಅದರೊಳಗಿನ ಎಎಸ್‌ಎಫ್‌ಎಕ್ಸ್‌ಲೋಡ್ ಆದೇಶಕ್ಕೆ ಬ್ಯಾಂಕ್ ಕಡತದ ಹೆಸರು ಕೊಟ್ಟರೆ ಸ್ಯಾಂಪಲ್ ತುಂಬುತ್ತದೆ. ಎಕನೆಕ್ಟ್ ಆದೇಶದಲ್ಲಿ 'ಇಎಂಯು10ಕೆ1 ವೇವ್‌ಟೇಬಲ್' ಎಂಬ ಹೆಸರಿನಡಿ ನಾಲ್ಕು ಪೋರ್ಟ್ ಕಾಣುತ್ತವೆ. ಸಂಖ್ಯೆ 17 ಎಂದು ಬಂದರೆ 17:0ರಿಂದ 17:3. ಪ್ರತಿಯೊಂದಕ್ಕೂ 16 ಮಿಡಿ (ಯಾವ ಕೀಲಿ ಎಷ್ಟು ಜೋರಾಗಿ ಒತ್ತಿತೆಂದು ಸಾಗಿಸುವ ಸಂಕೇತ) ಚಾನೆಲ್. ಕೀಬೋರ್ಡಿನ ಪೋರ್ಟನ್ನು 17:0ಗೆ ಕಟ್ಟಿದರೆ ಮುಗಿಯಿತು. ಕಾರ್ಡಿನ ಹಿಂದಿನ ಗೇಮ್‌ಪೋರ್ಟಿಗೆ ಮಿಡಿ ಕೇಬಲ್ ಹುಡುಕುವ ಬದಲು ಯುಎಸ್‌ಬಿ ಮಿಡಿ ಕೇಬಲ್ ಹಾಕಿಕೊಳ್ಳಿ.

ಸದ್ದೇ ಬಾರದಿದ್ದರೆ ಮೊದಲು ನೋಡಬೇಕಾದ್ದು ಧ್ವನಿಮಟ್ಟ ಹೊಂದಿಸುವ ಆಲ್ಸಾಮಿಕ್ಸರ್. 'ಸಿಂಥ್', 'ಮ್ಯೂಸಿಕ್' ಎರಡರ ಮಟ್ಟವೂ ಏರಿರಬೇಕು, ಮ್ಯೂಟ್ ತೆಗೆದಿರಬೇಕು. ಇವು ಹಾಡು ಕೇಳುವ 'ವೇವ್' ಗುಂಡಿಗಿಂತ ಬೇರೆ. ಎಂಪಿ3 ಕೇಳಿಸುತ್ತದೆ, ಕೀಬೋರ್ಡ್ ಕೇಳಿಸುವುದಿಲ್ಲ ಅನ್ನುವ ದೂರಿಗೆ ಹೆಚ್ಚಾಗಿ ಇದೇ ಕಾರಣ. ಏನೂ ಕೇಳಿಸದಿದ್ದರೆ 'ಅನಲಾಗ್/ಡಿಜಿಟಲ್ ಔಟ್‌ಪುಟ್ ಜಾಕ್' ಎಂಬ ಸ್ವಿಚ್ ಆನ್ ಆಗಿರುತ್ತದೆ. ಅದು ಆನ್ ಇದ್ದರೆ ಜಾಕ್ ಡಿಜಿಟಲ್‌ಗೆ ತಿರುಗಿ ಸ್ಪೀಕರ್ ಮೂಕವಾಗುತ್ತದೆ. ಇವೆರಡೂ ಸರಿಯಿದ್ದರೆ ಮತ್ತೆ ಆ ವೇವ್‌ಟೇಬಲ್ ಕಡತ ತೆರೆದು ಇನ್‌ಸ್ಟ್ರುಮೆಂಟ್ ಸಂಖ್ಯೆ ಸೊನ್ನೆಯೇ ನೋಡಿ. ಸೊನ್ನೆ ಇದ್ದರೆ ಬ್ಯಾಂಕೇ ತುಂಬಿಲ್ಲ. ಯಂತ್ರ ಆರಿಸಿ ಹಚ್ಚಿದಾಗೆಲ್ಲ ಮೆಮೊರಿ ಬರಿದಾಗುತ್ತದೆ, ಅದಕ್ಕೇ ತುಂಬುವ ಆದೇಶವನ್ನು ಲಾಗಿನ್ ಸ್ಕ್ರಿಪ್ಟಿನಲ್ಲಿ ಹಾಕಿಡುವುದು.

ಇನ್ನೊಂದು ವಿಷಯಕ್ಕೆ ತಲೆ ಕೆಡಿಸಿಕೊಂಡವರು ಬಹಳ. ವಿಂಡೋಸಿನಲ್ಲಿ ಕೇಳಿದ ರಿವರ್ಬ್ (ಸಭಾಂಗಣದಂಥ ಅನುರಣನ) ಲಿನಕ್ಸಿನಲ್ಲಿ ಬರುವುದಿಲ್ಲ. ಬ್ಯಾಂಕಿನ ತಪ್ಪಲ್ಲ. ಇಲ್ಲಿನ ಚಾಲಕ ಡಿಎಸ್‌ಪಿಗೆ ತುಂಬುವ ಮೂಲ ಪ್ರೋಗ್ರಾಂನಲ್ಲಿ ರಿವರ್ಬ್ ಇಲ್ಲ. ಎಲ್‌ಡಿ10ಕೆ1 ಎಂಬ ಸಾಧನದಿಂದ ಡಿಎಸ್‌ಪಿಗೆ ಬೇರೆ ಪ್ರೋಗ್ರಾಂ ತುಂಬಬಹುದು. ನಾನು ಆ ಗೋಜಿಗೆ ಹೋಗದೆ ಒಣ ಧ್ವನಿಯನ್ನೇ ಮುದ್ರಿಸಿ ಆಮೇಲೆ ರಿವರ್ಬ್ ಸೇರಿಸುತ್ತೇನೆ.

ಈಗ ಸ್ವಂತ ಬ್ಯಾಂಕ್ ಕಟ್ಟುವುದಕ್ಕೆ ಬರೋಣ. ಸಿದ್ಧ ಬ್ಯಾಂಕುಗಳಲ್ಲಿ ನಮ್ಮ ವಾದ್ಯಗಳು ಇಲ್ಲವೇ ಇಲ್ಲ, ಇದ್ದರೂ ಕೇಳಲಾಗದು. ತಂಬೂರಿಯನ್ನು ತೆಗೆದುಕೊಳ್ಳಿ. ಲೂಪ್ ಹಾಕುವ, ಅಂದರೆ ಸ್ಯಾಂಪಲ್‌ನ ಒಂದು ತುಣುಕನ್ನೇ ಮತ್ತೆ ಮತ್ತೆ ಸುತ್ತಿಸುವ ಆಸೆ ಬರುತ್ತದೆ, ಮೆಮೊರಿ ಉಳಿಯುತ್ತದೆ ಅಂತ. ಹಾಕಬೇಡಿ. ಜೀವಾಳಿಯಿಂದ (ತಂತಿಯ ಕೆಳಗೆ ಕುದುರೆಯ ಮೇಲೆ ಇಡುವ ದಾರ) ಹುಟ್ಟುವ ಉಪಸ್ವರಗಳು ಮೀಟಿದ ಕ್ಷಣದಿಂದ ಕೊನೆಯವರೆಗೆ ಒಂದೊಂದಾಗಿ ಅರಳುತ್ತ ಹೋಗುತ್ತವೆ. ಲೂಪ್ ಬಿದ್ದ ಜಾಗದಲ್ಲಿ ಅದು ಹೆಪ್ಪುಗಟ್ಟಿ ಹಾರ್ಮೋನಿಯಂ ಆಗುತ್ತದೆ. ಪಂಚಮ, ಸಾರಣಿ, ಅನುಸಾರಣಿ, ಮಂದ್ರ ಈ ನಾಲ್ಕು ತಂತಿಗಳನ್ನು ಒಂದೊಂದಾಗಿ, ಉಳಿದ ಮೂರನ್ನು ಬಟ್ಟೆಯಿಂದ ಒತ್ತಿ ಹಿಡಿದು, ತಲಾ 8 ಸೆಕೆಂಡ್ ಮುದ್ರಿಸಿ. ಒಟ್ಟು 30,72,000 ಬೈಟ್, 3 ಎಂಬಿಗೂ ಕಡಿಮೆ. ಒಂದು ಮನೆ (ಕೀಬೋರ್ಡಿನ ಸಿ) ಶ್ರುತಿಗೆ ಮಾಡಿದ್ದನ್ನು ಐದು ಮನೆಗೆ (ಜಿ) ಏರಿಸಿದರೆ 7 ಅರ್ಧಸ್ವರ ಮೇಲೆ ಹೋಗಿ 8 ಸೆಕೆಂಡಿನ ನಾದ 5.3 ಸೆಕೆಂಡಿಗೆ ಕುಗ್ಗುತ್ತದೆ, ಜೀವಾಳಿಯೂ ತೆಳ್ಳಗಾಗುತ್ತದೆ. ಗಂಡು ದನಿಗೆ ಒಂದು, ಹೆಣ್ಣು ದನಿಗೆ ಒಂದು ಅಂತ ಎರಡು ಜೊತೆ ಮಾಡಿಡಿ. ಆಗಲೂ 6 ಎಂಬಿ ದಾಟುವುದಿಲ್ಲ.

ಪಂಚಮದ ತಂತಿಯಲ್ಲಿ ಒಂದು ಬಲೆ ಇದೆ. ಸಂಪಾದಕ ತಂತ್ರಾಂಶ ಶ್ರುತಿಯನ್ನು ಅಳೆದು ಕೀಬೋರ್ಡಿನ ಸ್ವರಕ್ಕೆ ಸರಿಹೊಂದುವ ತಿದ್ದುಪಡಿ ಸೂಚಿಸುತ್ತದೆ. ಕೀಬೋರ್ಡಿನ ಪಂಚಮ 700 ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ), ತಂಬೂರಿಯದು 702. ಸೂಚನೆ ಒಪ್ಪಿದಿರೋ, ಪಂಚಮ 2 ಸೆಂಟ್ ಇಳಿಯುತ್ತದೆ. ಒಂದು ಮನೆಯಲ್ಲಿ ಸಾರಣಿಯ ಷಡ್ಜದ ಮೂರನೆಯ ಉಪಸ್ವರಕ್ಕೂ ಪಂಚಮದ ನಾಲ್ಕನೆಯದಕ್ಕೂ 0.44 ಹರ್ಟ್ಸ್ ಅಂತರ ಬಿದ್ದು ಸುಮಾರು 2.3 ಸೆಕೆಂಡಿಗೊಮ್ಮೆ ನಾದ ಉಬ್ಬಿ ತಗ್ಗುತ್ತದೆ. ಷಡ್ಜಕ್ಕೆ ಎಷ್ಟು ತಿದ್ದುಪಡಿ ಬೇಕೋ ನೋಡಿ, ಅಷ್ಟನ್ನೇ ನಾಲ್ಕೂ ತಂತಿಗಳಿಗೆ ಕೊಡಿ.

ಮೃದಂಗಕ್ಕೆ ಎಂಟು ಹೊಡೆತ: ಬಲಕ್ಕೆ ತ, ಕಿ, ನಂ, ದಿನ್, ಚಾಪು, ಅರೆಚಾಪು. ಎಡಕ್ಕೆ ಮುಚ್ಚಿದ ತ, ತೆರೆದ ತೊಂ. ಮೃದು, ಮಧ್ಯಮ, ಜೋರು ಎಂದು ಮೂರು ಪದರ, ವೆಲಾಸಿಟಿ (ತಟ್ಟಿದ ಜೋರಿನ ಮಿಡಿ ಅಳತೆ) 1-50, 51-95, 96-127. ತಲಾ 1.2 ಸೆಕೆಂಡ್ ಹಿಡಿದರೂ 27,64,800 ಬೈಟ್. ಕಡತದೊಳಗೆ ತಾಳವಾದ್ಯಗಳ ಬ್ಯಾಂಕ್ ಸಂಖ್ಯೆ 128ರಲ್ಲಿ ಇಟ್ಟರೆ ಮಿಡಿ ಚಾನೆಲ್ 10ರಲ್ಲಿ ಸಿಗುತ್ತದೆ. ಎಡಗಡೆಯ ಎರಡಕ್ಕೂ ಒಂದೇ 'ಎಕ್ಸ್‌ಕ್ಲೂಸಿವ್ ಕ್ಲಾಸ್' (ಒಂದು ನುಡಿದರೆ ಇನ್ನೊಂದು ನಿಲ್ಲುವ ಗುಂಪು) ಸಂಖ್ಯೆ ಕೊಡಿ, ಮುಚ್ಚಿದ ಹೊಡೆತ ಬಿದ್ದ ಕೂಡಲೇ ತೊಂ ನಿಲ್ಲಬೇಕು. ಗುಮ್ಕಿಯನ್ನು ಬಿಟ್ಟುಬಿಡಿ. ಅಂಗೈ ಎಳೆತದ ಏರಿಳಿತ ಒಂದು ಸ್ಯಾಂಪಲ್‌ನಲ್ಲಿ ಕೂರದು.

ಇಲ್ಲಿ ಎಲ್ಲರೂ ಎಡವುವುದು ರಿಲೀಸ್‌ನಲ್ಲಿ, ಅಂದರೆ ಕೀಲಿ ಬಿಟ್ಟ ಮೇಲೆ ದನಿ ಇಳಿಯುವ ಹಂತದಲ್ಲಿ. ಪ್ಯಾಡ್ ತಟ್ಟಿ ಕೈ ತೆಗೆದ ತಕ್ಷಣ ಹೊಡೆತ ಕತ್ತರಿಸಿದಂತೆ ನಿಲ್ಲುತ್ತದೆ. ರಿಲೀಸ್ 1.2 ಸೆಕೆಂಡ್ ಕೊಟ್ಟರೂ ಬಾಲ ಕೇಳಿಸದು, ಯಾಕೆಂದರೆ ಎಸ್‌ಎಫ್2ರಲ್ಲಿ ರಿಲೀಸ್ ಸಮಯ ಅಂದರೆ 100 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯ. 20 ಸೆಕೆಂಡ್ ಕೊಡಿ. 1.2 ಸೆಕೆಂಡಿನಲ್ಲಿ ಇಳಿಯುವುದು 6 ಡೆಸಿಬೆಲ್ ಮಾತ್ರ. ವಾಯ್ಸ್ ತುಂಬಿಹೋಗುವ ಹೆದರಿಕೆ ಬೇಡ, ಮುಗಿದುಹೋದ ಸ್ಯಾಂಪಲ್‌ನ ವಾಯ್ಸನ್ನೇ ಚಾಲಕ ಮೊದಲು ಕಸಿದುಕೊಳ್ಳುತ್ತದೆ.

ಕೊಳಲಿಗೆ ಮಾತ್ರ ಲೂಪ್ ಬೇಕೇ ಬೇಕು. ಮೂರು ಅರ್ಧಸ್ವರಕ್ಕೊಂದರಂತೆ ಎರಡು ಸ್ಥಾಯಿಗೆ 9 ಸ್ಯಾಂಪಲ್, ತಲಾ 2.5 ಸೆಕೆಂಡ್. ಮೂಲ ಸ್ವರಕ್ಕಿಂತ ಎರಡು ಸ್ಥಾಯಿ ಮೇಲಕ್ಕೆ ಚಿಪ್ ಓದಲಾರದು, ಅಲ್ಲಿಂದ ಮುಂದೆ ಕೀಲಿ ಒತ್ತಿದರೂ ಶ್ರುತಿ ಏರುವುದಿಲ್ಲ. ಲೂಪ್ ಉದ್ದವನ್ನು ಕಣ್ಣಳತೆಯಲ್ಲಿ ಇಡಬಾರದು. 440 ಹರ್ಟ್ಸ್ ಸ್ವರದ ಒಂದು ಆವರ್ತ 109.09 ಸ್ಯಾಂಪಲ್ (ಇಲ್ಲಿ ಸ್ಯಾಂಪಲ್ ಅಂದರೆ ಸೆಕೆಂಡಿಗೆ 48,000ದಂತೆ ಅಳೆದ ಒಂದೊಂದು ಬಿಂದು). 109ಕ್ಕೆ ಲೂಪ್ ಹಾಕಿದರೆ ಸುಮಾರು ಒಂದೂವರೆ ಸೆಂಟ್ ಏರುತ್ತದೆ, ಊದು ಶುರುವಾದಾಗ ಒಂದು ಶ್ರುತಿ, ಲೂಪಿಗೆ ಬಿದ್ದಾಗ ಇನ್ನೊಂದು. 11 ಆವರ್ತ ತೆಗೆದುಕೊಂಡರೆ ಸರಿಯಾಗಿ 1,200 ಸ್ಯಾಂಪಲ್, ಚೂರೂ ಕದಲದು. ಲೂಪ್ 32 ಸ್ಯಾಂಪಲ್‌ಗಿಂತ ಚಿಕ್ಕದಾಗಬಾರದು, ಅದರ ಎರಡೂ ತುದಿಯ ಆಚೆಗೆ 8 ಸ್ಯಾಂಪಲ್ ಉಳಿದಿರಬೇಕು, ಕಡತದಲ್ಲಿ ಪ್ರತಿ ದನಿಯ ತುಣುಕು ಮುಗಿದ ಮೇಲೆ 46 ಸೊನ್ನೆಗಳಿರಬೇಕು. ಚಿಪ್ ಎರಡು ಬಿಂದುಗಳ ನಡುವಿನ ಮೌಲ್ಯ ಕಟ್ಟಲು ಅಕ್ಕಪಕ್ಕದ 8 ಬಿಂದುಗಳನ್ನು ಓದುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಪ್ರತಿ ಸುತ್ತಿಗೂ 'ಟಿಕ್' ಎನ್ನುತ್ತದೆ.

ಎರಡು ಜೊತೆ ತಂಬೂರಿ, ಮೃದಂಗ, ಕೊಳಲು ಎಲ್ಲ ಸೇರಿ 1,10,68,800 ಬೈಟ್, ಹತ್ತೂವರೆ ಎಂಬಿ. 6 ಎಂಬಿಯ ಸಾಮಾನ್ಯ ಬ್ಯಾಂಕಿನ ಜೊತೆ ಸೇರಿಸಿ ಒಂದೇ ಎಸ್‌ಎಫ್2 ಮಾಡಿದರೂ ಅರ್ಧ ಜಾಗ ಖಾಲಿ. ಬೇರೆ ಬೇರೆ ಕಡತ ತುಂಬುವುದಕ್ಕಿಂತ ಹೀಗೆ ಒಂದೇ ಮಾಡುವುದು ಒಳ್ಳೆಯದು. ಎರಡನೆಯದು ತುಂಬಿದಾಗ ಮೊದಲನೆಯದು ಅಳಿಸಿಹೋಯಿತೆಂಬ ಗೊಂದಲವೇ ಇರದು.

ವೀಣೆಯ ಗಮಕಗಳಿಗೆ, ಅಥವಾ ಪದರದ ಮೇಲೆ ಪದರ ಇರುವ ದೊಡ್ಡ ಪಿಯಾನೊಗೆ ಇದು ಸಾಲದು. ಅಲ್ಲಿ ಸೌಂಡ್‌ಫಾಂಟನ್ನು ಪ್ರೊಸೆಸರಿನಲ್ಲೇ ನುಡಿಸುವ ತಂತ್ರಾಂಶ ಫ್ಲೂಯಿಡ್‌ಸಿಂಥ್ ಹಾಕಿಕೊಂಡು ಅದೇ ಕಾರ್ಡನ್ನು ಬರೀ ಧ್ವನಿ ಹೊರಡಿಸಲು ಬಳಸುತ್ತೇನೆ. ದರ 48,000, ಬಫರ್ (ಧ್ವನಿ ಹೊರಡುವ ಮೊದಲು ಕೂಡಿಡುವ ಜಾಗ) 64 ಸ್ಯಾಂಪಲ್ ಬಿಂದು, ಅಂಥ ಎರಡು ಬಫರ್ ಕೊಟ್ಟರೆ ವಿಳಂಬ 2.7 ಮಿಲಿಸೆಕೆಂಡ್. ಹಳೇ ಯಂತ್ರದಲ್ಲಿ ಅಷ್ಟು ಕಡಿಮೆ ಬಫರಿಗೆ ಧ್ವನಿ ಒಡೆಯುತ್ತದೆ, 256ಕ್ಕೆ ಏರಿಸಬೇಕಾಗುತ್ತದೆ, ಆಗ 10.7. ಎರಡೂ ಒಟ್ಟಿಗೆ ಓಡುತ್ತವೆ: ಮೃದಂಗ ಕಾರ್ಡಿನ ಚಿಪ್ಪಿನಲ್ಲಿ, ಪಿಯಾನೊ ಫ್ಲೂಯಿಡ್‌ಸಿಂಥ್‌ನಲ್ಲಿ. ಪ್ಯಾಡ್ ತಟ್ಟಿದ್ದಕ್ಕೂ ಸದ್ದಿಗೂ ನಡುವೆ ಅಂತರ ಕಾಡುವುದು ಮೃದಂಗದಲ್ಲೇ ಹೆಚ್ಚು, ಬಫರೇ ಇಲ್ಲದ ದಾರಿಯನ್ನು ಅದಕ್ಕೆ ಬಿಟ್ಟುಕೊಡಿ.