ಪಿತೂರಿ ನಂಬುವವರ ಜೊತೆ ನಾನು ಮಾತಾಡುವ ರೀತಿ

ಸುಳ್ಳು ಸುದ್ದಿ ಪರಿಶೀಲಿಸುವುದು ನನ್ನ ಕೆಲಸ. 'ಎಲ್ಲದರ ಹಿಂದೆ ಯಾರದೋ ಕೈವಾಡ ಇದೆ' ಎಂದು ಗಟ್ಟಿಯಾಗಿ ನಂಬಿದವರ ಜೊತೆ ಕೂತು ಮಾತಾಡುವುದೂ ಅದರಲ್ಲಿ ಸೇರಿದೆ. ಇವರನ್ನು ದಡ್ಡರು ಅಂದರೆ ನಾನು ಒಪ್ಪುವುದಿಲ್ಲ. ನನ್ನ ಮುಂದೆ ಕೂತವರಲ್ಲಿ ಮೇಷ್ಟ್ರು, ನರ್ಸ್, ಎಂಜಿನಿಯರ್ ಎಲ್ಲರೂ ಇದ್ದರು.

ನಾನು ಮೊದಲಿಗೇ ಸಾಕ್ಷಿ ಮುಂದಿಡುವುದಿಲ್ಲ. "ಇದು ನಿಜ ಅಂತ ನಿಮಗೆ ಅನ್ನಿಸಿದ್ದು ಯಾವಾಗಿಂದ?" ಎಂದು ಕೇಳುತ್ತೇನೆ. ಬರುವ ಉತ್ತರದಲ್ಲಿ ರಾಜಕೀಯ ಕಡಿಮೆ, ಸ್ವಂತ ಬದುಕೇ ಜಾಸ್ತಿ.

ನಿವೃತ್ತ ಅಕೌಂಟೆಂಟ್ ಒಬ್ಬರಿದ್ದರು. ಚುನಾವಣೆಯ ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ಅವರ ನಂಬಿಕೆ. ದಪ್ಪ ಫೈಲ್ ತಂದಿದ್ದರು. ಪ್ರತಿ ಹಾಳೆಗೂ ನಂಬರ್, ಅನುಮಾನ ಬಂದ ಸಾಲಿಗೆಲ್ಲ ಕೆಂಪು ಗೆರೆ. ನಾನು ಆ ಪ್ರಶ್ನೆ ಕೇಳಿದ ಮೇಲೆ ಫೈಲ್ ಪಕ್ಕಕ್ಕಿಟ್ಟು ಬೇರೆಯದೇ ಕಥೆ ಹೇಳಿದರು. ಅವರಿದ್ದ ಕಂಪನಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿತ್ತು. ಮೇಲಿನವರಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಲೆಕ್ಕ ಬರೆಯುತ್ತಿದ್ದ ಇವರಿಗೇ ಸುಳಿವು ಕೊಟ್ಟಿರಲಿಲ್ಲ. "ನಮ್ಮಂಥವರಿಗೆ ಯಾರೂ ಏನೂ ಹೇಳೋದೇ ಇಲ್ಲ ನೋಡಿ," ಅಂದರು. ಅವರಿಗಾದದ್ದು ನಿಜವಾದ ಮೋಸ. ಅದನ್ನು ಒಪ್ಪದೆ ಮುಂದಕ್ಕೆ ಮಾತಾಡುವುದು ಅನ್ಯಾಯ.

ಯಾವುದೂ ನಮ್ಮ ಕೈಯಲ್ಲಿಲ್ಲ ಅನ್ನಿಸಿದಾಗ ಮನಸ್ಸು ಎಲ್ಲಕ್ಕೂ ನಂಟು ಹುಡುಕುತ್ತದೆ. 2008ರಲ್ಲಿ ಸಂಶೋಧಕರಾದ ಜೆನಿಫರ್ ವಿಟ್ಸನ್ ಮತ್ತು ಆಡಮ್ ಗ್ಯಾಲಿನ್ಸ್ಕಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಿಡಿತ ತಪ್ಪಿದ ಭಾವದಲ್ಲಿದ್ದವರಿಗೆ ಚುಕ್ಕೆಗಳ ರಾಶಿಯಲ್ಲೂ ಇಲ್ಲದ ಆಕಾರಗಳು ಕಂಡಿದ್ದವು. ಇನ್ನೊಂದು, ದೊಡ್ಡ ಘಟನೆಗೆ ದೊಡ್ಡ ಕಾರಣವೇ ಬೇಕು ಅನ್ನಿಸುವುದು. 1963ರಲ್ಲಿ ಅಧ್ಯಕ್ಷ ಕೆನಡಿಯನ್ನು ಆಸ್ವಾಲ್ಡ್ ಎಂಬ ಒಬ್ಬನೇ ಕೊಂದ ಎಂಬ ಮಾತು ಇವತ್ತಿಗೂ ಎಷ್ಟೋ ಅಮೆರಿಕನ್ನರಿಗೆ ಸಮಾಧಾನ ಕೊಟ್ಟಿಲ್ಲ.

ಪಿತೂರಿ ನಡೆಯುವುದೇ ಇಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಅಮೆರಿಕದ ಅಧ್ಯಕ್ಷ ನಿಕ್ಸನ್ ಕಡೆಯವರು ವಿರೋಧ ಪಕ್ಷದ ಕಚೇರಿಗೆ ಕದ್ದು ನುಗ್ಗಿ ಅದನ್ನು ಮುಚ್ಚಿಡಲು ನೋಡಿದ 1972ರ ವಾಟರ್‌ಗೇಟ್ ಹಗರಣ ನಿಜ. ಅದೇ ದೇಶದ ಟಸ್ಕೀಗಿ ಎಂಬ ಊರಿನಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ ಕಪ್ಪು ಜನರಿಗೆ ಸರ್ಕಾರದ ಸಂಶೋಧಕರೇ ಚಿಕಿತ್ಸೆ ಕೊಡದೆ ಬಿಟ್ಟದ್ದೂ ನಿಜ. ಇವು ಹೊರಗೆ ಬಂದದ್ದು ಹೇಗೆ ಎಂದು ನಾನೂ ಎದುರು ಕೂತವರೂ ಸೇರಿ ನೋಡುತ್ತೇವೆ. ಒಳಗಿದ್ದವರು ಬಾಯಿ ಬಿಟ್ಟರು, ಪತ್ರಕರ್ತರು ಬೆನ್ನು ಹತ್ತಿದರು, ದಾಖಲೆ ಸಿಕ್ಕಿತು.

ಆಮೇಲೆ ಕೇಳುವುದು, "ನಿಮ್ಮ ನಂಬಿಕೆ ಹತ್ತಕ್ಕೆ ಎಷ್ಟು ಖಾತ್ರಿ?" ಅಕೌಂಟೆಂಟ್ ಎಂಟು ಅಂದರು. "ಉಳಿದ ಎರಡು ಯಾಕೆ ಬಿಟ್ಟಿರಿ?" ಸ್ವಲ್ಪ ಹೊತ್ತು ಯೋಚಿಸಿ, "ಸೋತ ಪಕ್ಷದ ಏಜೆಂಟರೂ ಎಣಿಕೆ ಹತ್ತಿರ ಕೂತಿರ್ತಾರಲ್ವಾ, ಅವರೆಲ್ಲ ಸುಮ್ನಿರ್ತಾರಾ?" ಅಂದರು. ಈ ಪ್ರಶ್ನೆ ಅವರಿಂದಲೇ ಬರಬೇಕು. ನಾನು ಕೇಳಿದ್ದರೆ ನನ್ನನ್ನೂ ಪಿತೂರಿಗೆ ಸೇರಿಸುತ್ತಿದ್ದರು.

ಈ ಮಾತುಕತೆ ಇಬ್ಬರ ನಡುವೆಯೇ ಆಗಬೇಕು. ಮನೆಯವರೆಲ್ಲ ಸುತ್ತ ಕೂತರೆ ಮರ್ಯಾದೆ ಪ್ರಶ್ನೆಯಾಗುತ್ತದೆ, ಯಾರೂ ಸಡಿಲ ಬಿಡುವುದಿಲ್ಲ. ಸುಳ್ಳೆಂದು ಗೊತ್ತಿದ್ದೂ ದುಡ್ಡಿಗಾಗಿ ಹಂಚುವವರ ಜೊತೆ ಮಾತ್ರ ನಾನು ಕೂರುವುದಿಲ್ಲ. ಆ ಹೊತ್ತು ನಂಬಿ ನೊಂದವರಿಗೆ ಸಿಗಲಿ.