ಬಿಸಿಲಲ್ಲಿ ಹಳ್ಳಿ ರೋಡಿನ ಹಾಫ್ ಮ್ಯಾರಥಾನ್ ಓಡೋದು ಹೇಗೆ

ಮಂಡ್ಯ, ಶ್ರೀರಂಗಪಟ್ಟಣದ ಕಡೆ ಮಾರ್ಚ್ ಬಂತು ಅಂದ್ರೆ ಬೆಳಗ್ಗೆ ಎಂಟೂವರೆಗೇ ಬಿಸಿಲು ಚುರುಗುಟ್ಟುತ್ತೆ, ನಾಲೆ ಏರಿ ಮೇಲೆ ಮರ ಸಿಕ್ರೆ ನಿಮ್ಮ ಪುಣ್ಯ. ಅದಕ್ಕೇ 21.1 ಕಿಮೀಗೆ ಡಿಸೆಂಬರ್ ಚಳೀಲಿ ಓಡಿದ ಟೈಮನ್ನ ತಲೇಲಿ ಇಟ್ಕೋಬೇಡಿ. ಮೊದಲ 5 ಕಿಮೀ ಪಕ್ಕದೋರ ಜೊತೆ ಮಾತಾಡ್ಕೊಂಡು ಹೋಗೋ ಸ್ಪೀಡು ಸಾಕು, ದಾಟಿ ಹೋಗೋರು ಹೋಗ್ಲಿ ಬಿಡಿ, 15 ಆದ್ಮೇಲೆ ಅವ್ರಲ್ಲಿ ಅರ್ಧ ಜನ ನಡ್ಕೊಂಡು ಹೋಗ್ತಿರ್ತಾರೆ.

ಮೈ ಸೆಕೆಗೆ ಒಗ್ಗೋಕೆ ಹತ್ತು-ಹದಿನಾಲ್ಕು ದಿನ ಬೇಕು, ಹಾಗಾಗಿ ಎರಡು ವಾರ ಮುಂಚೆನೇ ಸ್ವಲ್ಪ ಬಿಸಿಲೇರಿದ್ಮೇಲೆ ನಿಧಾನಕ್ಕೆ ಓಡಿ ಅಭ್ಯಾಸ ಮಾಡ್ಕೊಳ್ಳಿ.

ನೀರಿನ ವಿಷ್ಯದಲ್ಲೇ ಜಾಸ್ತಿ ಜನ ಎಡವೋದು. ಭಯಕ್ಕೆ ಬರೀ ನೀರು ಗಟಗಟ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿದುಹೋಗುತ್ತೆ, ಅದು ಇನ್ನೂ ಡೇಂಜರ್. ಬಾಯಾರಿದಾಗ ಗುಟುಕು ಗುಟುಕಾಗಿ ಕುಡೀರಿ, ಮಧ್ಯೆ ಓಆರ್‌ಎಸ್ ಇರ್ಲಿ, ಒಂದು ಲೀಟರ್ ಪ್ಯಾಕೆಟ್ ಅಂದ್ರೆ ಪೂರ್ತಿ ಒಂದು ಲೀಟರಿಗೇ ಕಲಸಬೇಕು, ಅರ್ಧ ಬಾಟ್ಲಿಗಲ್ಲ. ತಲೆ, ಕತ್ತಿಗೆ ನೀರು ಸುರ್ಕೊಳ್ಳಿ, ಶೂ ಮಾತ್ರ ನೆನೀಬಾರ್ದು, ಬೊಬ್ಬೆ ಏಳುತ್ತೆ.

ರೋಡಿಗೆ ಹುರುಳಿ ಹಾಸಿದ್ರೆ ಪಕ್ಕಕ್ಕೆ ಇಳಿದು ನಡೀರಿ, ಜಾರುತ್ತೆ. ನಾಯಿ ಬಂದ್ರೂ ಅಷ್ಟೇ, ಓಡ್ಬೇಡಿ.

ಪೇನ್‌ಕಿಲ್ಲರ್ ನುಂಗಿ ಓಡೋದು ಬೇಡ, ಕಿಡ್ನಿಗೆ ಏಟು. ಸೆಕೇಲೂ ಚಳಿ ಬಂದಂಗಾಗಿ ರೋಮ ನಿಂತ್ರೆ, ತಲೆ ಸುತ್ತಿದ್ರೆ ನಿಂತುಬಿಡಿ. ಯಾರಾದ್ರೂ ಏನೇನೋ ಬಡಬಡಿಸ್ತಾ ತೂರಾಡ್ತಿದ್ರೆ ನೆರಳಿಗೆ ಎಳ್ಕೊಂಡು ಮೈತುಂಬ ತಣ್ಣೀರು ಸುರೀರಿ, 108ಕ್ಕೆ ಫೋನ್ ಮಾಡಿ.