ಕರಿ ಬೂದಿಯಿಂದ ಬಿಳಿ ಸಿಲಿಕಾ ತೆಗೆದದ್ದು

ಹೋದ ತಿಂಗಳು ಹೈದರಾಬಾದಿನ ಕಡೆಯ ಕೋಳಿ ಆಹಾರದ ಪ್ರೀಮಿಕ್ಸ್ (ಮೇವಿಗೆ ಬೆರೆಸುವ ಪೋಷಕಾಂಶಗಳ ಪುಡಿ) ಮಾಡುವವರೊಬ್ಬರು ನನ್ನ ಸಿಲಿಕಾ ಪುಡಿಗೆ ಮೂರನೇ ಸಲ ಆರ್ಡರ್ ಕೊಟ್ಟರು. ಮೊದಲನೇ ಸಲ ದಾಕ್ಷಿಣ್ಯಕ್ಕೆ ಕೊಂಡಿರಬಹುದು. ಎರಡನೇ ಸಲ ಬೇರೆ ಕಡೆ ಮಾಲು ಸಿಗದೆ ಕೊಂಡಿರಬಹುದು. ಮೂರನೇ ಸಲ ಅವರಾಗಿಯೇ ಫೋನ್ ಮಾಡಿದರು, ರೇಟು ಕೂಡ ಜಾಸ್ತಿ ಜಗ್ಗಲಿಲ್ಲ. ಈಗ ಬರೆಯಬಹುದು ಅನ್ನಿಸಿತು.

ಬೂದಿಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸಿದರೆ ಸಿಲಿಕಾ ಕರಗಿ ಸಿಲಿಕೇಟ್ ದ್ರವವಾಗುತ್ತದೆ, ಅದಕ್ಕೆ ಆಸಿಡ್ ಹಾಕಿದರೆ ಸಿಲಿಕಾ ಬಿಳಿ ಕಣವಾಗಿ ಬೇರೆಯಾಗುತ್ತದೆ. ಅದೇ ಪ್ರೆಸಿಪಿಟೇಟೆಡ್ ಸಿಲಿಕಾ. ಇದಕ್ಕಿಂತ ಹೆಚ್ಚಿನ ಪಾಠ ಇಲ್ಲಿ ಹೇಳಿಕೊಡುವುದಿಲ್ಲ. ಅದು ಗೊತ್ತಿರುವವರಿಗಾಗಿಯೇ ಇದು. ನಾನು ಎಲ್ಲಿ ದುಡ್ಡು ಕಳೆದುಕೊಂಡೆ ಅನ್ನುವುದನ್ನು ಓದಿಕೊಂಡರೆ ನಿಮ್ಮ ದುಡ್ಡು ಉಳಿದೀತು.

ನಾನು ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹತ್ತು ಹನ್ನೊಂದು ವರ್ಷ ಶಿಫ್ಟ್ ಕೆಲಸ ಮಾಡಿದವನು. ರಿಯಾಕ್ಟರು, ಸೆಂಟ್ರಿಫ್ಯೂಜು, ರಾತ್ರಿ ಪಾಳಿ ಎಲ್ಲ ಸಾಕಾಗಿ 2019ರಲ್ಲಿ ಊರಿಗೆ ಬಂದೆ. ಊರು ಶಹಾಪುರದ ಹತ್ತಿರ. ನಾರಾಯಣಪುರ ಎಡದಂಡೆ ಕಾಲುವೆ ಬಂದಮೇಲೆ ಶಹಾಪುರ, ಸುರಪುರದ ಕಡೆ ಎಲ್ಲಿ ನೋಡಿದರೂ ನೆಲ್ಲು. ನೆಲ್ಲಿದ್ದ ಕಡೆ ರೈಸ್ ಮಿಲ್ಲು, ಮಿಲ್ಲಿದ್ದ ಕಡೆ ಹೊಟ್ಟು, ಹೊಟ್ಟು ಸುಟ್ಟ ಕಡೆ ಬೂದಿ. ನೂರು ಕಿಲೋ ನೆಲ್ಲಿಗೆ ಇಪ್ಪತ್ತು ಕಿಲೋ ಹೊಟ್ಟು, ಅದನ್ನು ಸುಟ್ಟರೆ ನಾಲ್ಕು ಕಿಲೋ ಬೂದಿ. ಆ ಬೂದಿಯಲ್ಲಿ ಹೆಚ್ಚೂಕಮ್ಮಿ ಎಲ್ಲಾ ಸಿಲಿಕಾನೇ, ಉಳಿದದ್ದು ಇಂಗಾಲ. ಮಿಲ್ಲಿನವರು ಅದನ್ನು ಹಳ್ಳಕ್ಕೆ ಸುರಿಯುತ್ತಿದ್ದರು. ಗಾಳಿ ಬಿಟ್ಟರೆ ಊರವರ ಜೊತೆ ಜಗಳ.

ಬೂದಿ ಕೇಳಲು ಹೋದಾಗ ಮಿಲ್ಲಿನ ಸಾಹುಕಾರರು ನಕ್ಕರು. "ಬೂದಿ ಕುದಿಸಿ ರೊಕ್ಕ ಮಾಡ್ತೀಯೇನೋ ತಮ್ಮಾ? ಒಯ್ಯಿ, ಟ್ರ್ಯಾಕ್ಟರ್ ಬಾಡಿಗಿನೂ ನಾನಽ ಕೊಡ್ತೀನಿ" ಅಂದರು. ನಿಜವಾಗಲೂ ಕೊಟ್ಟರು. ನಮ್ಮ ಭಾವನವರಂತೂ ಮನೆಯಲ್ಲಿ ಕೂತು, ಇವನಿಗೆ ಬೀದರಿನ ಕೆಮಿಕಲ್ ವಾಸನೆ ತಲೆಗೆ ಹತ್ತಿದೆ ಅಂತ ಎಲ್ಲರ ಮುಂದೆ ಹೇಳಿದರು.

ಮೊದಲ ತಪ್ಪು ಬೂದಿ ಆರಿಸುವಾಗಲೇ ಆಯಿತು. ಬಿಳಿ ಸಿಲಿಕಾ ಬೇಕು, ಹಾಗಾಗಿ ಬಿಳಿ ಬೂದಿ ತರೋಣ ಅಂತ ನಾನೂ ಅಂದುಕೊಂಡೆ. ದೊಡ್ಡ ಬಾಯ್ಲರ್‌ನಲ್ಲಿ ಚೆನ್ನಾಗಿ ಸುಟ್ಟ, ಸ್ವಲ್ಪ ಗುಲಾಬಿ ಛಾಯೆಯ ಬೂದಿ ಎಂಟು ಟನ್ ತಂದು ರಾಶಿ ಹಾಕಿದೆ. ಕಾಸ್ಟಿಕ್‌ನಲ್ಲಿ ಆರು ಗಂಟೆ ಕುದಿಸಿದರೂ ಮುಕ್ಕಾಲು ಭಾಗ ಹಾಗೇ ತಳದಲ್ಲಿ ಕೂತಿತ್ತು. ಬೆಂಕಿ ಜಾಸ್ತಿಯಾದರೆ ಸಿಲಿಕಾ ಹರಳುಗಟ್ಟುತ್ತದೆ. 700–800 ಡಿಗ್ರಿ ದಾಟಿ ಸುಟ್ಟದ್ದು ಕಾಸ್ಟಿಕ್‌ಗೆ ಬಗ್ಗುವುದಿಲ್ಲ. ಅದರ ಧೂಳು ಎದೆಗೂ ಕೆಟ್ಟದ್ದು, ಹರಳಿನ ಸಿಲಿಕಾ ಅಲ್ವಾ. ನಮಗೆ ಬೇಕಾದದ್ದು ಅರೆಬರೆ ಸುಟ್ಟ ಕರಿ ಬೂದಿ. ಈಗ ನಾನು ಮಿಲ್ಲಿಗೆ ಹೋಗುವಾಗ ಸ್ಟೀಲ್ ಲೋಟ, ಒಂದಿಷ್ಟು ಕಾಸ್ಟಿಕ್ ನೀರು, ಚಿಕ್ಕ ಗ್ಯಾಸ್ ಒಲೆ ಒಯ್ಯುತ್ತೇನೆ. ಹತ್ತು ಗ್ರಾಂ ಬೂದಿ ಅಲ್ಲೇ ಕುದಿಸಿ, ಸೋಸಿ, ಉಳಿದದ್ದನ್ನು ಬೆರಳಲ್ಲಿ ಉಜ್ಜಿ ನೋಡುತ್ತೇನೆ. ಮರಳಿನ ಹಾಗೆ ಕರಕರ ಅಂದರೆ ನಮಸ್ಕಾರ ಹೇಳಿ ವಾಪಸ್ಸು. ಮೆತ್ತಗೆ ಮಸಿಯ ಹಾಗಿದ್ದರೆ ಲಾರಿ ತರಿಸುತ್ತೇನೆ.

ಕುದಿಸುವ ಲೆಕ್ಕ ನನ್ನದು ಹೀಗಿದೆ. ನೂರು ಕಿಲೋ ಕರಿ ಬೂದಿಗೆ 32–35 ಕಿಲೋ ಕಾಸ್ಟಿಕ್, 600 ಲೀಟರ್ ನೀರು, ನೇರ ಸ್ಟೀಮ್, ನಾಲ್ಕು ಗಂಟೆ. ಅಷ್ಟರಲ್ಲಿ 55–60 ಕಿಲೋ ಸಿಲಿಕಾ ಕರಗಿ ಬರುತ್ತದೆ. ಆಟೋಕ್ಲೇವ್ (ಪ್ರೆಶರ್ ಕುಕ್ಕರಿನಂಥ ದೊಡ್ಡ ಟ್ಯಾಂಕು) ಇದ್ದವರು ಕಡಿಮೆ ಕಾಸ್ಟಿಕ್‌ನಲ್ಲಿ ಮುಗಿಸುತ್ತಾರೆ, ನನ್ನ ಹತ್ತಿರ ಆ ದುಡ್ಡಿರಲಿಲ್ಲ.

ಆಮೇಲೆ ಮಸಿ ಸೋಸುವುದು. ಇಲ್ಲಿ ಪಾಲಿಯೆಸ್ಟರ್ ಬಟ್ಟೆ ಅಗ್ಗಕ್ಕೆ ಸಿಕ್ಕಿತು ಅಂತ ಹಾಕಿ ಮೂರ್ಖನಾದೆ. ಬಿಸಿ ಕಾಸ್ಟಿಕ್ ಪಾಲಿಯೆಸ್ಟರನ್ನು ತಿನ್ನುತ್ತದೆ, ಹನ್ನೊಂದು ವರ್ಷ ಕೆಮಿಕಲ್‌ನಲ್ಲಿ ದುಡಿದವನಿಗೆ ಇದು ಗೊತ್ತಿರಬೇಕಿತ್ತು. ಎಂಟೇ ದಿನಕ್ಕೆ ಬಟ್ಟೆ ಜಾಲರಿಯಾಯಿತು. ಮಸಿ ಸಿಲಿಕೇಟಿನೊಳಗೆ ಇಳಿದು ಇಡೀ ವಾರದ ಮಾಲು ಬೂದುಬಣ್ಣ. ಪಾಲಿಪ್ರೊಪಿಲೀನ್ ಬಟ್ಟೆ ಹಾಕಿ, ಮೊದಲ ಹತ್ತು ನಿಮಿಷದ ರಸವನ್ನು ವಾಪಸ್ ಟ್ಯಾಂಕಿಗೇ ಬಿಟ್ಟು, ಗಾಜಿನ ಲೋಟದಲ್ಲಿ ಹಿಡಿದರೆ ಆಚೆ ಬದಿಯ ಅಕ್ಷರ ಕಾಣುವವರೆಗೆ ಮುಂದಕ್ಕೆ ಬಿಡದೇ ಇದ್ದಮೇಲೆ ಬಣ್ಣ ಸರಿಯಾಯಿತು.

ಇನ್ನು ಆಸಿಡ್. ಮೊದಲ ದೊಡ್ಡ ಬ್ಯಾಚ್ ದಿನ ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ಭಾವನವರನ್ನೂ ಕರೆಸಿದ್ದೆ. ಸಿಲಿಕೇಟು ತಣ್ಣಗಿತ್ತು, ಗಟ್ಟಿಯೂ ಇತ್ತು, ನನಗೆ ಅವಸರ. ಆಸಿಡ್ ಬಿಟ್ಟ ಹತ್ತು ನಿಮಿಷಕ್ಕೆ ಸ್ಟರರ್ ಗೊರಗೊರ ಅಂತು, ಆಮೇಲೆ ನಿಂತೇಹೋಯಿತು. ಎರಡು ಸಾವಿರ ಲೀಟರಿನ ಟ್ಯಾಂಕು ಪೂರ್ತಿ ಗಿಣ್ಣದ ಹಾಗೆ ಗಡ್ಡೆ ಕಟ್ಟಿತ್ತು. ಗೇರ್ ಬಾಕ್ಸ್ ಹಲ್ಲು ಮುರಿದಿತ್ತು. ಇಬ್ಬರು ಹುಡುಗರು ಎರಡು ದಿನ ಸಲಿಕೆಯಲ್ಲಿ ಬಾಚಿ ಹೊರಹಾಕಿದರು. ಭಾವನವರು ಏನೂ ಮಾತಾಡದೆ ಪ್ರಸಾದ ತಿಂದು ಹೋದರು. ಗೇರ್ ಬಾಕ್ಸು, ಕೂಲಿ, ಹಾಳಾದ ಮಾಲು ಸೇರಿ ಒಂದು ಲಕ್ಷದ ಹತ್ತಿರ ಹೋಯಿತು. ಆ ಮೇಲೆ ಲಾಕ್‌ಡೌನ್ ಬಂತು. ಸಾಲದ ಕಂತು ಮಾತ್ರ ಲಾಕ್ ಆಗಲಿಲ್ಲ.

ಲಾಕ್‌ಡೌನಿನ ತಿಂಗಳುಗಳಲ್ಲಿ ಅಡುಗೆ ಮನೆಯ ಐದು ಲೀಟರ್ ಪಾತ್ರೆಯಲ್ಲಿ ಕಲಿತದ್ದೇ ನನ್ನ ನಿಜವಾದ ಬಂಡವಾಳ. ಎಪ್ಪತ್ತು ಎಂಬತ್ತು ಸಣ್ಣ ಬ್ಯಾಚ್ ಮಾಡಿರಬೇಕು. ಹೆಂಡತಿ ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಮುಟ್ಟಲಿಲ್ಲ, ಮುಟ್ಟಲೂಬಾರದು. ಸಿಲಿಕೇಟನ್ನು ನೂರಕ್ಕೆ ಐದಾರು ಸಿಲಿಕಾ ಬರುವಷ್ಟು ತೆಳು ಮಾಡಬೇಕು. ಬಿಸಿ 85–90 ಡಿಗ್ರಿಯಿಂದ ಕೆಳಗೆ ಇಳಿಯದೆ ನಿಲ್ಲಬೇಕು. ತೆಳು ಆಸಿಡ್ ನಿಧಾನ ಬಿಡಬೇಕು. ಹಾಲಿಗೆ ನೀರು ಜಾಸ್ತಿ ಬೆರೆಸಿದಾಗ ಕಾಣುವ ನೀಲಿ ಛಾಯೆ ಬಂದ ಕೂಡಲೇ ಆಸಿಡ್ ನಿಲ್ಲಿಸಬೇಕು. ಸ್ಟರರ್ ಮಾತ್ರ ನಡೆಯುತ್ತಿರಬೇಕು. ಎಷ್ಟು ಹೊತ್ತು ಅಂತ ಕೇಳಬೇಡಿ, ಅದು ನನ್ನ ಅನ್ನ. ಆಮೇಲೆ ಮತ್ತೆ ಆಸಿಡ್ ಶುರು ಮಾಡಿ, ಕೊನೆಗೆ ಪಿಎಚ್ ನಾಲ್ಕೂವರೆಗೆ ತಂದು ಅರ್ಧ ಗಂಟೆ ಬಿಡುತ್ತೇನೆ. ಹಾಗೆ ಮಾಡಿದರೆ ಕಣಗಳೊಳಗೆ ಸಿಕ್ಕಿಕೊಂಡ ಸೋಡಿಯಂ ಹೊರಬರುತ್ತದೆ. ಇನ್ನೊಂದು ಮಾತು. ಹಿಂದಿನ ಬ್ಯಾಚಿನಲ್ಲಿ ಕಾಸ್ಟಿಕ್, ಆಸಿಡ್ ಸೇರಿ ಆದ ಉಪ್ಪು ನೀರನ್ನು ನಾನು ಪೂರ್ತಿ ಚೆಲ್ಲುವುದಿಲ್ಲ. ಸ್ವಲ್ಪ ಹೊಸ ಬ್ಯಾಚಿನ ತಳಕ್ಕೆ ಹೋಗುತ್ತದೆ. ಉಪ್ಪಿದ್ದರೆ ಕಣ ಗುಂಪು ಕಟ್ಟಿಕೊಂಡು ಚೆನ್ನಾಗಿ ಸೋಸುತ್ತದೆ. ಎಷ್ಟು ಅನ್ನುವುದನ್ನು ಪಾತ್ರೆ ಹಿಡಿದು ನೀವೇ ಕಂಡುಕೊಳ್ಳಿ.

ಮೊದಲು ಫಿಲ್ಟರ್ ಪ್ರೆಸ್ (ಬಟ್ಟೆಯಲ್ಲಿ ಒತ್ತಿ ಸೋಸುವ ಯಂತ್ರ) ತುಂಬಿ ಸೋಸಲು ಏಳು ಗಂಟೆ ಬೇಕಾಗುತ್ತಿತ್ತು. ಈಗ ಒಂದೂವರೆ ಗಂಟೆ. ಬಂದು ನೋಡಿದವರು ಯಾರೂ ನಂಬಲಿಲ್ಲ, ಗಡಿಯಾರ ನೋಡಿಕೊಂಡು ನಿಂತರು.

ನೀರಿನ ವಿಷಯ ನಮ್ಮ ಭಾಗದವರು ತಲೆಯಲ್ಲಿ ಇಟ್ಟುಕೊಳ್ಳಲೇಬೇಕು. ಬೋರ್ ನೀರು ಗಡಸು. ಸಿಲಿಕೇಟಿಗೆ ಬೆರೆಸಿದರೆ ಕ್ಯಾಲ್ಸಿಯಂ ಹಿಡಿದು ಬಿಳಿ ಚೂರು ತೇಲುತ್ತದೆ, ತೊಳೆಯಲು ಬಳಸಿದರೆ ಅದೇ ಕ್ಯಾಲ್ಸಿಯಂ ಪುಡಿಗೆ ಅಂಟುತ್ತದೆ. ಎರಡು ಲಾಟ್ ವಾಪಸ್ ಬಂದಮೇಲೆ ಅರವತ್ತು ಸಾವಿರದ ಸಾಫ್ಟ್‌ನರ್ ಹಾಕಿಸಿದೆ. ಮೊದಲೇ ಹಾಕಿಸಿದ್ದರೆ ಎರಡು ಲಾಟಿನ ಲಾರಿ ಬಾಡಿಗೆಯಲ್ಲೇ ಅರ್ಧ ದುಡ್ಡು ಹುಟ್ಟುತ್ತಿತ್ತು. ಟ್ಯಾಂಕು ಬರಿ ಕಬ್ಬಿಣದ್ದಾದರೆ ಕೊನೆಯ ಹುಳಿ ಹಂತದಲ್ಲಿ ಪುಡಿ ತೆಳು ಹಳದಿಯಾಗುತ್ತದೆ, ಒಳಗೆ ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಹೊಡೆಸಿ.

ತೊಳೆದ ನೀರಿನಲ್ಲಿ ಸೋಡಿಯಂ ಸಲ್ಫೇಟ್ ಹೋಗುತ್ತದೆ. ನನ್ನ ಸಿಲಿಕೇಟಿನಲ್ಲಿ ಕಾಸ್ಟಿಕ್ ಜಾಸ್ತಿ ಇರುವುದರಿಂದ ಒಂದು ಕಿಲೋ ಸಿಲಿಕಾಗೆ ಹತ್ತಿರ ಹತ್ತಿರ ಒಂದು ಕಿಲೋ ಉಪ್ಪು. ಇದನ್ನು ಹಳ್ಳಕ್ಕೆ ಬಿಟ್ಟರೆ ಪಕ್ಕದ ಹೊಲ ಹಾಳು. ಶೀಟ್ ಹಾಸಿದ ಮೂರು ಹೊಂಡ ಮಾಡಿಸಿದೆ. ಬೇಸಿಗೆಯಲ್ಲಿ ನಮ್ಮ 42 ಡಿಗ್ರಿ ಬಿಸಿಲು ಪುಕ್ಕಟೆ ಡ್ರೈಯರ್. ಡಿಸೆಂಬರ್ ಚಳಿಯಲ್ಲಿ ಇನ್ನೂ ಮಜಾ. ರಾತ್ರಿ ತಣ್ಣಗಾದರೆ ಈ ಉಪ್ಪು ಕರಗಿ ನಿಲ್ಲಲಾರದು, ಬೆಳಗ್ಗೆ ಹೊಂಡದ ತಳದಲ್ಲಿ ಕಲ್ಲುಸಕ್ಕರೆಯಂಥ ಹರಳು. ಬಾಚಿ ಚೀಲಕ್ಕೆ ತುಂಬುತ್ತೇವೆ. ಕಿಲೋಗೆ ನಾಲ್ಕೈದು ರೂಪಾಯಿ, ಅದರಲ್ಲಿ ಲಾಭವಿಲ್ಲ, ಹೊಂಡದ ಖರ್ಚು ಹೊರಡುತ್ತದೆ ಅಷ್ಟೇ. ಬೆಂಗಳೂರಿನ ಐಐಎಸ್‌ಸಿಯವರ ವಿಧಾನದಲ್ಲಿ ಆಸಿಡ್ ಬದಲು ಕಾರ್ಬನ್ ಡೈಆಕ್ಸೈಡ್ ಬಿಟ್ಟು, ಸುಣ್ಣದಿಂದ ಕಾಸ್ಟಿಕ್ಕನ್ನು ಮತ್ತೆ ಪಡೆಯುತ್ತಾರೆ, ಈ ಉಪ್ಪಿನ ಕಾಟವೇ ಇಲ್ಲ. ನಾನೂ ಆಸೆಪಟ್ಟೆ. ಶಹಾಬಾದ್ ಕಲ್ಲಿನ ಚೂರು ರಾಶಿ ರಾಶಿ ಬಿದ್ದಿದೆ, ಅದನ್ನೇ ಸುಟ್ಟು ಸುಣ್ಣ ಮಾಡೋಣ ಅಂತ ಗೂಡು ಕಟ್ಟಿ ಒಂದು ಟ್ರ್ಯಾಕ್ಟರ್ ಸುಟ್ಟೆ. ಆ ಕಲ್ಲಿನಲ್ಲಿ ಸಿಲಿಕಾ, ಜೇಡಿ ಸೇರಿಕೊಂಡಿರುತ್ತದೆ. ಬಂದದ್ದು ಸುಣ್ಣವಲ್ಲ, ಅರೆ ಸಿಮೆಂಟು. ಹದಿನೆಂಟು ಸಾವಿರ ಹೊಗೆಯಾಯಿತು.

ಒಣಗಿಸುವುದರಲ್ಲೇ ದೊಡ್ಡ ಖರ್ಚು. ಪ್ರೆಸ್ಸಿನಿಂದ ಬಂದ ಕೇಕು ನೋಡಲು ಗಟ್ಟಿ ಮೊಸರು, ನೂರಕ್ಕೆ ಎಂಬತ್ತು ನೀರೇ. ಒಂದು ಕಿಲೋ ಪುಡಿಗೆ ನಾಲ್ಕು ಕಿಲೋ ನೀರು ಹಾರಿಸಬೇಕು. ಬಿಸಿಲಿಗೆ ಹರವಿದೆ. ಒಣಗಿತು, ಆದರೆ ಕುಗ್ಗಿ ಬೆಣಚುಕಲ್ಲಿನ ಚೂರಾಯಿತು. ಅರೆದರೂ ಎಣ್ಣೆ ಹಿಡಿಯುವ ಗುಣ ಹೋಗಿಬಿಟ್ಟಿತ್ತು. ಟ್ರೇ ಡ್ರೈಯರಿನದ್ದೂ ಅದೇ ಹಾಡು. ಕೇಕು ನಿಧಾನಕ್ಕೆ ಒಣಗಿದರೆ ಒಳಗಿನ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಕೊನೆಗೆ ಮುಚ್ಚಿದ ಯೂನಿಟ್ಟೊಂದರಿಂದ ಹಳೆಯ ಸ್ಪಿನ್ ಫ್ಲ್ಯಾಶ್ ಡ್ರೈಯರ್ ಏಳು ಲಕ್ಷಕ್ಕೆ ಸಿಕ್ಕಿತು. ಹೊಟ್ಟು ಮತ್ತು ತೊಗರಿ ಕಟ್ಟಿಗೆಯಿಂದ ಬಿಸಿಗಾಳಿ. ಹೊಗೆ ಪುಡಿಗೆ ತಾಗಬಾರದು, ಹಾಗಾಗಿ ಗಾಳಿ ಕೊಳವೆಯೊಳಗೆ ಬೇರೆಯಾಗಿ ಕಾಯುತ್ತದೆ. ಕ್ಷಣದಲ್ಲಿ ಒಣಗಿ ಹತ್ತಿಯಂತೆ ಹಾರುವ ಪುಡಿ ಚೀಲಕ್ಕೆ ಬಿದ್ದ ದಿನ ನಾನು ಎರಡು ಸಲ ಕೈ ಹಾಕಿ ನೋಡಿದೆ.

ಎಣ್ಣೆ ಪರೀಕ್ಷೆಗೆ ಲ್ಯಾಬ್ ಬೇಕಿಲ್ಲ. ಅದಕ್ಕೆ ಬೇಕಾದದ್ದು ಅಗಸೆ ಎಣ್ಣೆ, ನಮ್ಮ ಕಡೆ ಅಗಸಿ ಹಿಂಡಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ, ಎಣ್ಣೆ ಸಿಗುವುದೇನು ಕಷ್ಟ. ಗಾಜಿನ ಮೇಲೆ ಐದು ಗ್ರಾಂ ಪುಡಿ, ಹನಿ ಹನಿ ಎಣ್ಣೆ, ಉಜ್ಜುತ್ತಾ ಹೋಗುವುದು, ಉಂಡೆ ಕಟ್ಟಿದಾಗ ನಿಲ್ಲಿಸುವುದು. ಬಿಸಿಲಿನ ಪುಡಿ ನೂರು ಗ್ರಾಮಿಗೆ 110 ಎಂಎಲ್ ಕುಡಿದಿತ್ತು. ಈಗಿನದು 220ರ ಆಸುಪಾಸು. ಪ್ರೀಮಿಕ್ಸ್‌ನವರಿಗೆ ಇದೇ ಮುಖ್ಯ. ಅವರು 75 ಪರ್ಸೆಂಟಿನ ಕೋಲೀನ್ ಕ್ಲೋರೈಡ್ (ಕೋಳಿಗೆ ಬೇಕಾದ ಒಂದು ಪೋಷಕಾಂಶ) ದ್ರವ ಎರಡು ಕಿಲೋಗೆ ನನ್ನ ಪುಡಿ ಒಂದು ಕಿಲೋ ಹಾಕಿ ಐವತ್ತು ಪರ್ಸೆಂಟಿನ ಒಣ ಪುಡಿ ಮಾಡುತ್ತಾರೆ. ಅದು ಕೈಗೆ ಅಂಟದೆ ಸುರಿಯಬೇಕು. ನನ್ನದು ಸುರಿಯಿತು.

ಜಗತ್ತಿನಲ್ಲಿ ಈ ಸಿಲಿಕಾ ಹೆಚ್ಚಾಗಿ ಹೋಗುವುದು ರಬ್ಬರಿಗೆ, ನನಗೂ ಅಲ್ಲಿಗೇ ಹೋಗುವ ಹಂಬಲ ಇತ್ತು. ಚಪ್ಪಲಿ ಸೋಲ್ ಮಾಡುವವರಿಗೆ ಐವತ್ತು ಕಿಲೋ ಕೊಟ್ಟೆ. ಸೋಲು ಬೇಯಲೇ ಇಲ್ಲ. "ನಿಮ್ಮ ಪುಡಿ ನಮ್ಮ ಆಕ್ಸಿಲರೇಟರ್ ತಿಂದು ಕೂತಿದೆ ಸಾರ್" ಅಂದರು. ರಬ್ಬರು ಬೇಗ ಬೇಯಲಿ ಅಂತ ಹಾಕುವ ಆಕ್ಸಿಲರೇಟರನ್ನು ಸಿಲಿಕಾ ಹೀಗೆ ಹೀರಿಕೊಳ್ಳುತ್ತದೆ, ಗ್ಲೈಕಾಲ್ ಹಾಕಿ ಸರಿಮಾಡಬಹುದು. ಆದರೆ ಹೊಸಬನ ಮಾಲಿಗೆ ಅವರು ಯಾಕೆ ಫಾರ್ಮುಲಾ ಬದಲಿಸುತ್ತಾರೆ? ಬಿಟ್ಟೆ.

ನೆಲಕ್ಕೆ ಚೆಲ್ಲಿದ ಪುಡಿಯನ್ನು ಬಿತ್ತನೆಗೆ ಇಟ್ಟ ತೊಗರಿಗೆ ಕಲಸಿ ನೋಡಿದೆ, ಇದು ಸುಮ್ನೆ ಕುತೂಹಲಕ್ಕೆ. ನಮ್ಮ ಅಜ್ಜಿ ಕಾಳಿಗೆ ಒಲೆ ಬೂದಿ ಕಲಸುತ್ತಿದ್ದಳು, ಅದೇ ಲೆಕ್ಕ. ಪುಡಿ ಹುಳದ ಮೈಮೇಲಿನ ಮೇಣ ಹೀರಿ ಅದನ್ನು ಒಣಗಿಸುತ್ತದೆ. ಕ್ವಿಂಟಲ್‌ಗೆ ಅರ್ಧ ಕಿಲೋ ಹಾಕಿದ ಚೀಲದಲ್ಲಿ ಮಳೆಗಾಲದವರೆಗೂ ಹುಳ ಕಾಣಲಿಲ್ಲ, ಪಕ್ಕದ ಚೀಲ ತೂತು ತೂತು. ಬೀಜಕ್ಕೆ ಮಾತ್ರ ಮಾಡಿದ್ದು, ಬೇಳೆಗಲ್ಲ.

ಈಗಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ದಿನಕ್ಕೆ ಮೂರು ಬ್ಯಾಚು, ತಿಂಗಳಿಗೆ ನಾಲ್ಕು ಟನ್‌ಗೆ ಸ್ವಲ್ಪ ಕಡಿಮೆ. ಒಂದು ಕಿಲೋ ಪುಡಿಗೆ ತಗಲುವ ಕಾಸ್ಟಿಕ್ ಇಪ್ಪತ್ತೈದು ರೂಪಾಯಿ, ಆಸಿಡ್ ಎಂಟು, ಕೂಲಿ ಹದಿನಾಲ್ಕು, ಉರುವಲು ಎಂಟು, ಕರೆಂಟು, ಬೂದಿ, ಚೀಲ ಎಲ್ಲ ಸೇರಿ 65–66ಕ್ಕೆ ನಿಲ್ಲುತ್ತದೆ. ಮಾರುವುದು 78ಕ್ಕೆ. ಒಟ್ಟು ಹಾಕಿದ ದುಡ್ಡು ಮೂವತ್ತು ಲಕ್ಷ, ಅದರಲ್ಲಿ ಆರು ಲಕ್ಷ ಮೇಲೆ ಹೇಳಿದ ತಪ್ಪುಗಳಿಗೇ ಹೋಯಿತು. ಸಾಲದ ಕಂತು ಕಟ್ಟಿ ಮನೆ ನಡೆಯುತ್ತದೆ. ಸೋಸಿದ ಮಸಿಯನ್ನು ಇಟ್ಟಿಗೆ ಭಟ್ಟಿಯವರು ಒಯ್ಯುತ್ತಾರೆ. ಅದರಿಂದ ಆಕ್ಟಿವೇಟೆಡ್ ಕಾರ್ಬನ್ ಮಾಡಬಹುದಾ ಅಂತ ಮತ್ತೆ ಪಾತ್ರೆ ಹಿಡಿದಿದ್ದೇನೆ.

ಸಾಹುಕಾರರು ಮೊನ್ನೆ ಬೂದಿಗೆ ಟನ್‌ಗೆ ಎರಡೂವರೆ ಸಾವಿರ ಕೇಳಿದರು. ಟ್ರ್ಯಾಕ್ಟರ್ ಬಾಡಿಗೆ ನನ್ನದೇ ಅಂತೆ. ಒಂದು ವರ್ಷಕ್ಕೆ ರೇಟು ಬರೆಸಿಕೊಂಡು, ಅಡ್ವಾನ್ಸ್ ಕೊಟ್ಟು ಬಂದೆ.